ಎಂಟು ಖಾನೆ, ಒಂದು ಕೆಂಪು ದಾರ

ಮೇ, ಕೊನೆಯ ಭಾನುವಾರ

ಗುಜರಿ ಅಂಗಡಿಯಲ್ಲಿ ಅದು ಬೋರಲಾಗಿ ಬಿದ್ದಿತ್ತು. ಮೇಲೆ ಕೆಟ್ಟ ಕೂಲರ್, ಪಕ್ಕದಲ್ಲಿ ಸೈಕಲ್ ಗಾಲಿಗಳು. ಧೂಳಿನ ನಡುವೆ ಹಿತ್ತಾಳೆಯ ಒಂದು ಚಿಕ್ಕ ಚೌಕಟ್ಟು ಕಂಡಿತು ಅಂತ ನಿಂತೆ. ಕಂಪ್ಯೂಟರ್ ಬರುವ ಮೊದಲು ಗ್ರಂಥಾಲಯದ ಬಾಗಿಲಲ್ಲೇ ಇರುತ್ತಿತ್ತಲ್ಲ, ಪುಸ್ತಕದ ಕಾರ್ಡ್ ಇಡುವ ಮರದ ಪೆಟ್ಟಿಗೆ, ಅದೇ. ಎಂಟು ಖಾನೆಗೆ ಜಾಗ ಇದೆ, ಇರುವುದು ಆರು. ಚೌಕಾಸಿ ಮಾಡಿ 1,400 ರೂಪಾಯಿಗೆ ತಂದೆ. ಆಟೋದವನು 150 ತಗೊಂಡ. ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಇದನ್ನ ತಗೊಂಡು ಏನ್ ಮಾಡ್ತೀಯ?"

ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು. ವಿಜಯಪುರದ ನಮ್ಮ ಓಣಿಯಲ್ಲಿ ಒಂದು ಸಣ್ಣ ವಾಚನಾಲಯ ಇದೆ. ಸಂಜೆ ಮಕ್ಕಳು ಬರುತ್ತಾರೆ. ಒಂದು ದಿನ ಒಬ್ಬ ಹುಡುಗ ಹಳೆಯ ಪತ್ರಿಕೆಯೊಂದರಲ್ಲಿ ಎನ್.ಎಸ್. ಬೇಂದ್ರೆಯವರ ಚಿತ್ರ ನೋಡಿ, "ಇವರು ನಮ್ಮ ಬೇಂದ್ರೆ ಅಜ್ಜನ ತಮ್ಮ ಏನ್ರೀ?" ಅಂತ ಕೇಳಿದ. ಅಲ್ಲ ಅಂದೆ. "ಮತ್ತೆ ಹೆಸರು ಒಂದೇ ಯಾಕೆ?" ಅಂದ. ಆಗ ತಲೆಗೆ ಬಂದಿದ್ದು ಇದು. ಒಂದೊಂದು ಖಾನೆಗೆ ಒಂದೊಂದು ಅಡ್ಡಹೆಸರು. ಒಳಗೆ ಆ ಹೆಸರಿನ ಪಂಡಿತರು, ಚಿತ್ರಕಾರರು, ಯಾವ ಕಾಲದವರಾದರೂ ಸರಿ, ಯಾವ ದೇಶದವರಾದರೂ ಸರಿ.

ನನ್ನ ಅಡ್ಡಹೆಸರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಡಿಗೇರ. ಅಜ್ಜ ಉಳಿ ಹಿಡಿದಿದ್ದ. ಅಪ್ಪ ಸೀಮೆಸುಣ್ಣ ಹಿಡಿದ. ನಾನು ಲೆಕ್ಕ ಬರೆಯುವವ. ಮೊಳೆ ಹೊಡೆದರೆ ಅದು ಸೊಟ್ಟಗೇ ಹೋಗುತ್ತದೆ. ಈ ಕೆಲಸಕ್ಕೆ ನನ್ನ ಗುರು ಪಕ್ಕದ ಓಣಿಯ ಹಿರಿಯ ಮಿಸ್ತ್ರಿ. ಅವರ ಅಡ್ಡಹೆಸರು ಒಂದು ತರಕಾರಿಯದು. ಬಡಿಗೇರನಿಗೆ ತರಕಾರಿಯವರು ಬಡಿಗತನ ಕಲಿಸಿದರು ಅಂತ ಓಣಿಯವರೆಲ್ಲ ನಕ್ಕರು.

ಜೂನ್, ಮೊದಲ ಎರಡು ಭಾನುವಾರ

ಬಿಚ್ಚುವ ಕೆಲಸ. ಚೌಕಟ್ಟು ಮತ್ತು ಖಾನೆಗಳ ಮುಖ ಸಾಗವಾನಿ. ಅದಕ್ಕೇನೂ ಆಗಿಲ್ಲ. ಹಿಂದಿನ ಹಲಗೆ ಮಾತ್ರ ಯಾವುದೋ ಹಗುರ ಮರ, ಗೆದ್ದಲು ತಿಂದು ಹಪ್ಪಳ ಮಾಡಿಟ್ಟಿತ್ತು. ಬೆರಳಿಂದ ಒತ್ತಿದರೆ ಒಳಗೆ ಹೋಯಿತು. ಅದನ್ನು ಕಿತ್ತು ಅಂಗಳದಲ್ಲೇ ಸುಟ್ಟೆ. ಉಳಿದಿದ್ದನ್ನು ನಾಲ್ಕು ದಿನ ಬಿಸಿಲಿಗಿಟ್ಟು, ಸಂದುಗಳಿಗೆ ಗೆದ್ದಲು ಔಷಧಿ ಬಳಿದೆ. ಕೈಗವಸು ಹಾಕಿಕೊಳ್ಳಿ. ನಾನು ಹಾಕಿಕೊಳ್ಳಲಿಲ್ಲ, ಎರಡು ದಿನ ಬೆರಳು ಉರಿಯಿತು.

ಖಾನೆಗಳ ಮೂಲೆಗಳು ಡವ್‌ಟೇಲ್ ಕೂಡಿಕೆ, ಅಂದರೆ ಪಾರಿವಾಳದ ಬಾಲದ ಆಕಾರಕ್ಕೆ ಕೊಯ್ದ ಹಲ್ಲುಗಳು ಒಂದರೊಳಗೊಂದು ಕೂರುವುದು. ಹಳೆಯ ಸರೇಸಿನಿಂದ ಅಂಟಿಸಿದ್ದು. ಮೂರು ಖಾನೆಗಳ ಮೂಲೆ ಅಲ್ಲಾಡುತ್ತಿತ್ತು. ನಾನು ಸುತ್ತಿಗೆ ಎತ್ತಿದೆ. ಮಿಸ್ತ್ರಿ ಕೈ ಹಿಡಿದು ನಿಲ್ಲಿಸಿದರು. ಬಟ್ಟೆಯನ್ನು ಬಿಸಿ ನೀರಲ್ಲಿ ಅದ್ದಿ ಮೂಲೆಗೆ ಸುತ್ತಿ ಹತ್ತು ನಿಮಿಷ ಬಿಟ್ಟರು. ಆಮೇಲೆ ಕೊಡತಿಯಿಂದ ಎರಡೇ ಏಟು. ಮೂಲೆ ಬಿಡಿಸಿದ ಕಿತ್ತಳೆಯ ಹಾಗೆ ಬಂತು. ಸರೇಸು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು. ಬಿಸಿ ನೀರಿಗೆ ಕರಗುತ್ತದೆ. ಅದಕ್ಕೇ ಹಳೇ ಸಾಮಾನು ರಿಪೇರಿ ಮಾಡೋಕೆ ಸುಲಭ. ಫೆವಿಕಾಲ್ ಗಟ್ಟಿ ಹೌದು, ಆದರೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಈ ಮಾತು ಆಗ ಕಿವಿಗೆ ಹಾಕಿಕೊಂಡಿದ್ದರೆ ಜುಲೈನಲ್ಲಿ ನಾನು ಅಳುತ್ತಿರಲಿಲ್ಲ.

ಹಿತ್ತಾಳೆಯ ಚೀಟಿ ಚೌಕಟ್ಟುಗಳನ್ನು ಹುಣಸೆಹುಳಿಯಲ್ಲಿ ನೆನೆಸಿ ಉಜ್ಜಿದ್ದು ಅಮ್ಮ. ಖಾನೆ ಆರೇ ಇದ್ದರೂ ಚೌಕಟ್ಟು ಎಂಟೂ ಇದ್ದವು. ಇಡೀ ಕೆಲಸದಲ್ಲಿ ಗೋಳಿಲ್ಲದೆ ಮುಗಿದಿದ್ದು ಇದೊಂದೇ.

ಜೂನ್ ಕೊನೆ: ಹೆಸರುಗಳು

ಮೊದಲ ಆರು ಖಾನೆಗೆ ಹೆಸರು ಆರಿಸಿದೆ. ಬೇಂದ್ರೆ, ಕುಲಕರ್ಣಿ, ಜೋಶಿ, ಠಾಕೂರ್, ಶಿರಾಜಿ, ವಾಂಗ್. ಏಳನೆಯದನ್ನು ಮಾಡಿದ ಮೇಲೆ ಅದಕ್ಕೆ ಬ್ರೂಗೆಲ್, ಯುರೋಪಿನ ಒಂದು ಚಿತ್ರಕಾರರ ಮನೆತನ. ಎಂಟನೆಯದು ಖಾಲಿ ಇರಲಿ.

ಕಾರ್ಡಿನ ಅಳತೆ ಹಳೆಯದೇ, ಹನ್ನೆರಡೂವರೆ ಸೆಂಟಿಮೀಟರ್ ಅಗಲ, ಏಳೂವರೆ ಎತ್ತರ. ಖಾನೆ ಆ ಅಳತೆಗೇ ಮಾಡಿದ್ದು. ಬೇರೆ ಏನೋ ಹೊಸದು ಮಾಡುತ್ತೇನೆ ಅಂತ ಹೋಗಬೇಡಿ. ದಪ್ಪ ಐವರಿ ಕಾಗದ ತಂದು, ಮದುವೆ ಪತ್ರಿಕೆ ಮುದ್ರಿಸುವ ಕಡೆ ಕತ್ತರಿಸಿಕೊಂಡೆ. 300 ಕಾರ್ಡ್ ಬಂದವು. ಕೆಳಗಡೆ ನಡುವೆ ಒಂದು ತೂತು. ಅದರೊಳಗೆ ಹಿತ್ತಾಳೆ ಸಳಿ ಹೋಗುತ್ತದೆ, ಮಕ್ಕಳು ಕಾರ್ಡ್ ಕಿತ್ತುಕೊಂಡು ಹೋಗುವ ಹಾಗಿಲ್ಲ. ಸಾಮಾನ್ಯ ಪಂಚಿಂಗ್ ಮಷಿನ್ನಿನ ತೂತು ಆರು ಎಂಎಂ. ಸಳಿ ನಾಲ್ಕು ಎಂಎಂದು ಹಾಕಿದೆ. ಆರಾಮಾಗಿ ಓಡಾಡುತ್ತದೆ.

ನನ್ನ ಯೋಜನೆ ಬಹಳ ಚೊಕ್ಕ ಇತ್ತು. ಪ್ರತಿ ಖಾನೆಯ ನಡುವೆ ಒಂದು ಮರದ ಪಟ್ಟಿ. ಮುಂದೆ ಪಂಡಿತರು, ಹಿಂದೆ ಚಿತ್ರಕಾರರು. ಆರು ಪಟ್ಟಿ ಕೊಯ್ದೆ, ಫೆವಿಕಾಲ್ ಹಚ್ಚಿದೆ, ರಾತ್ರಿಯಿಡೀ ಕ್ಲಾಂಪ್ ಹಾಕಿ ಬಿಟ್ಟೆ. ಕಲ್ಲಿನ ಹಾಗೆ ಹಿಡಿಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಜುಲೈ

ಬೇಂದ್ರೆ ಖಾನೆ ಸರಾಗವಾಗಿ ಹೋಯಿತು. ಮುಂದೆ ದ.ರಾ. ಬೇಂದ್ರೆ, ಧಾರವಾಡ, 1896ರಿಂದ 1981. ಹಿಂದೆ ನಾರಾಯಣ ಶ್ರೀಧರ ಬೇಂದ್ರೆ, ಇಂದೋರಿನಲ್ಲಿ ಹುಟ್ಟಿದ್ದು 1910ರಲ್ಲಿ, ತೀರಿಕೊಂಡಿದ್ದು 1992ರಲ್ಲಿ, ಬರೋಡಾದಲ್ಲಿ ಚಿತ್ರಕಲೆ ಕಲಿಸಿ ಒಂದು ಪೀಳಿಗೆಯನ್ನೇ ತಯಾರು ಮಾಡಿದವರು. ಇಬ್ಬರಿಗೂ ಒಂದೇ ಅಡ್ಡಹೆಸರು, ಅಷ್ಟೇ ನಂಟು. ಆದರೆ ನಮ್ಮ ಬೇಂದ್ರೆ ಕವಿತೆಗೆ ಹಾಕುತ್ತಿದ್ದ ಹೆಸರು ಅಂಬಿಕಾತನಯದತ್ತ. ಅಂದರೆ ಅಂಬಿಕೆಯ ಮಗ ದತ್ತ. ಅಡ್ಡಹೆಸರು ಬಿಟ್ಟು ಅವ್ವನ ಹೆಸರು. ಹಾಗಾಗಿ ಒಂದು 'ನೋಡಿ' ಕಾರ್ಡ್ ಬೇಕಾಯಿತು: ಅಂಬಿಕಾತನಯದತ್ತ, ಬೇಂದ್ರೆ ನೋಡಿ.

ಕುಲಕರ್ಣಿ ಖಾನೆಯಲ್ಲಿ ಕಾಲು ಸಿಕ್ಕಿಕೊಂಡಿತು. ಕುಲಕರ್ಣಿ ಅನ್ನುವುದು ಹೆಸರಲ್ಲ, ಕುರ್ಚಿ. ಊರಿನ ಲೆಕ್ಕ ಬರೆಯುತ್ತಿದ್ದವನು. ಮೈಸೂರು ಕಡೆ ಶಾನುಭೋಗ ಅಂದರೆ ನಮ್ಮ ಕಡೆ ಕುಲಕರ್ಣಿ. ಊರಿಗೊಬ್ಬ ಕುಲಕರ್ಣಿ ಇದ್ದ ಮೇಲೆ ಇಷ್ಟೊಂದು ಕುಲಕರ್ಣಿಗಳು ಇರುವುದು ಸಹಜ. ನಾನೂ ಹೊಟ್ಟೆಪಾಡಿಗೆ ಲೆಕ್ಕ ಬರೆಯುವವ, ಹಳೆಯ ಲೆಕ್ಕದಲ್ಲಿ ನಾನೇ ಕುಲಕರ್ಣಿ ಆಗಬೇಕಿತ್ತು, ಅಲ್ವಾ?

ಮೊದಲ ಕಾರ್ಡ್ ಕೆ.ಎಸ್. ಕುಲಕರ್ಣಿ. ಬೆಳಗಾವಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ದೆಹಲಿಗೆ ಹೋದ ಚಿತ್ರಕಾರ. 1949ರಲ್ಲಿ ಅಲ್ಲಿ ಶುರುವಾದ ಶಿಲ್ಪಿ ಚಕ್ರ ಅನ್ನುವ ಕಲಾವಿದರ ಕೂಟದ ಸ್ಥಾಪಕರಲ್ಲಿ ಒಬ್ಬರು. ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಇವರು ಪಟ್ಟಿಯ ಹಿಂದೆ ಹೋದರು. ಎರಡನೆಯವರು ಗಳಗನಾಥರು. ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಅವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಊರಿನ ಹೆಸರು ಅಡ್ಡಹೆಸರನ್ನೇ ನುಂಗಿಬಿಟ್ಟಿತು. ಅದಕ್ಕೊಂದು 'ನೋಡಿ' ಕಾರ್ಡ್. ಮೂರನೆಯವರು ಶ್ರೀನಿವಾಸ ಕುಲಕರ್ಣಿ, ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳ ವಿಜ್ಞಾನಿ. 1982ರಲ್ಲಿ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರ್ ಅನ್ನುವ ನಕ್ಷತ್ರ ಕಂಡುಹಿಡಿದ ತಂಡದಲ್ಲಿ ಇದ್ದವರು. 2024ರಲ್ಲಿ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು. ಕಾರ್ಡ್ ಓದಿದ ಹುಡುಗನೊಬ್ಬ, "ಇವರೂ ಲೆಕ್ಕಾನೇ ಬರೀತಾರ, ಆದ್ರೆ ನಕ್ಷತ್ರದ್ದು" ಅಂದ. ಆ ಮಾತನ್ನು ಕಾರ್ಡಿನ ಹಿಂದೆ ಬರೆದುಕೊಂಡೆ.

ಆಮೇಲೆ ಬಂದರು ಜಿ.ಎ. ಕುಲಕರ್ಣಿ. ಬೆಳಗಾವಿ ಜಿಲ್ಲೆಯವರು, ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದವರು, ಮರಾಠಿಯ ದೊಡ್ಡ ಕಥೆಗಾರ. 1923ರಿಂದ 1987. ಇವರು ಚಿತ್ರವನ್ನೂ ಬರೆಯುತ್ತಿದ್ದರು. ಪಟ್ಟಿಯ ಮುಂದೋ, ಹಿಂದೋ? ಕಾರ್ಡ್ ಕೈಯಲ್ಲಿ ಹಿಡಿದು ಸುಮ್ನೆ ಕೂತೆ.

ಇರಲಿ, ಒಬ್ಬರು ತಾನೇ ಅಂದುಕೊಂಡು ವಾಂಗ್ ಖಾನೆಗೆ ಹೋದೆ. ಅಲ್ಲಿ ಮರ್ಯಾದೆ ಪೂರ್ತಿ ಹೋಯಿತು. ವಾಂಗ್ ಅಂದರೆ ಚೀನೀ ಭಾಷೆಯಲ್ಲಿ ರಾಜ. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಎಂಟನೇ ಶತಮಾನದ ವಾಂಗ್ ವೇ ಕವಿಯೂ ಹೌದು, ಚಿತ್ರಕಾರನೂ ಹೌದು. ಅವನ ಕವಿತೆಯಲ್ಲಿ ಚಿತ್ರ ಇದೆ, ಚಿತ್ರದಲ್ಲಿ ಕವಿತೆ ಇದೆ ಅಂತ ಆಮೇಲಿನ ಚೀನೀಯರು ಹೊಗಳಿದರು. ಅದಕ್ಕೂ ಮೊದಲು, ನಾಲ್ಕನೇ ಶತಮಾನದ ವಾಂಗ್ ಶೀಜ್ಹಿ. ಅವನ ಕೈಬರಹವೇ ಕಲೆ. ಅವನು ಪಂಡಿತನೋ ಚಿತ್ರಕಾರನೋ? ಚೀನಾದಲ್ಲಿ ಎರಡಕ್ಕೂ ಕುಂಚ ಒಂದೇ. ನನ್ನ ಪಟ್ಟಿ ಅವರ ನಡುವೆ ನಿಲ್ಲಲು ಜಾಗವೇ ಇಲ್ಲ.

ಪಟ್ಟಿ ಕೀಳಬೇಕು. ಫೆವಿಕಾಲ್!

ಬಿಸಿ ನೀರಿನ ಬಟ್ಟೆ ಹಾಕಿದೆ, ಜಗ್ಗಲಿಲ್ಲ. ಉಳಿ ಹಾಕಿದೆ. ಮೊದಲ ಪಟ್ಟಿ ತನ್ನ ಜೊತೆ ಖಾನೆಯ ಪಕ್ಕದ ಹಲಗೆಯ ಒಂದು ಚಕ್ಕೆಯನ್ನೂ ಕಿತ್ತುಕೊಂಡು ಬಂತು. ಮಿಸ್ತ್ರಿ ಬಂದು ನೋಡಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವು. ಅವರು ಹೇಳಿದಂತೆ, ಉಳಿದ ಐದನ್ನು ಸಣ್ಣ ಗರಗಸದಿಂದ ನಡುವೆ ಕೊಯ್ದೆ. ಎರಡೂ ಬದಿಯ ತುಂಡುಗಳನ್ನು ಉಳಿಯಿಂದ ಸ್ವಲ್ಪ ಸ್ವಲ್ಪ ಕೆತ್ತಿದೆ. ಕೊನೆಯ ಅಂಟಿನ ಪದರವನ್ನು 80ರ ಉಸುಕಿನ ಕಾಗದದಿಂದ ಉಜ್ಜಿದೆ. ಹಾಕಲು ಒಂದು ಗಂಟೆ, ತೆಗೆಯಲು ಎರಡು ಭಾನುವಾರ. ಕಿತ್ತುಹೋದ ಚಕ್ಕೆಯ ಜಾಗಕ್ಕೆ ಸಾಗವಾನಿ ತೇಪೆ ಹಾಕಿದೆ, ಈ ಸಲ ಸರೇಸು ಕಾಯಿಸಿ. ಮನೆಯೆಲ್ಲಾ ನಾತ. ಆದರೂ ಮುಂದೆ ಯಾರಾದರೂ ನನ್ನ ತಪ್ಪನ್ನು ತಿದ್ದಬೇಕಲ್ಲ, ಅವರಿಗೆ ಸುಲಭ ಆಗಲಿ.

ಕೆಂಪು ದಾರ

ಪಟ್ಟಿ ಹೋಯಿತು, ಹುಡುಗನ ಪ್ರಶ್ನೆ ಉಳಿಯಿತು. ಒಂದೇ ಹೆಸರಿನ ಇವರಲ್ಲಿ ಯಾರು ಯಾರಿಗೆ ಸಂಬಂಧ? ಇದಕ್ಕೂ ದಾರಿ ತೋರಿಸಿದ್ದು ವಾಂಗ್ ಖಾನೆಯೇ. ಚೀನಾದಲ್ಲಿ ಹದಿನೇಳನೇ ಶತಮಾನದ ಸುಮಾರಿಗೆ 'ನಾಲ್ವರು ವಾಂಗ್' ಅಂತಲೇ ಹೆಸರಾದ ಚಿತ್ರಕಾರರಿದ್ದರು. ವಾಂಗ್ ಶಿಮಿನ್, ವಾಂಗ್ ಜಿಯಾನ್, ವಾಂಗ್ ಹುಯಿ, ವಾಂಗ್ ಯುವಾನ್‌ಚಿ. ನಾಲ್ವರೂ ಬೆಟ್ಟ ನದಿ ಬರೆಯುವವರು, ಹಳೆಯ ಗುರುಗಳ ದಾರಿಯಲ್ಲಿ ನಡೆದವರು. ಆದರೆ ಯುವಾನ್‌ಚಿ ಮಾತ್ರ ಶಿಮಿನ್‌ನ ಮೊಮ್ಮಗ. ಹುಯಿ ಶಿಮಿನ್‌ನ ಶಿಷ್ಯ, ಸಂಬಂಧಿಕನಲ್ಲ.

ಅಮ್ಮನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದೆ. ರಕ್ತಸಂಬಂಧ ಇರುವವರ ಕಾರ್ಡಿನ ಎಡ ಮೂಲೆಗೆ ಒಂದು ಸಣ್ಣ ತೂತು. ಅದರಲ್ಲಿ ದಾರ ಪೋಣಿಸಿ, ಎರಡು ಕಾರ್ಡ್‌ಗಳ ನಡುವೆ ಒಂದು ಗೇಣು ಸಡಿಲ ಬಿಟ್ಟು ಗಂಟು ಹಾಕಿದೆ. ದಾರ ಹಿಡಿದು ಎಳೆದರೆ ಅಜ್ಜನ ಹಿಂದೆ ಮೊಮ್ಮಗನ ಕಾರ್ಡೂ ತಲೆ ಎತ್ತುತ್ತದೆ. ಮೊದಲು ದಾರ ಬಿಗಿಯಾಗಿ ಕಟ್ಟಿದ್ದೆ, ಕಾರ್ಡ್ ತಿರುಗಿಸಿದರೆ ಮೂಲೆ ಹರಿಯಿತು. ಸಡಿಲ ಇರಲೇಬೇಕು. ತೂತಿನ ಸುತ್ತ ಸೆಲ್ಲೋಟೇಪಿನ ಚೂರು ಅಂಟಿಸಿ, ಅದರ ಮೇಲೆಯೇ ತೂತು ಹೊಡೆಯಿರಿ.

ಬೇಂದ್ರೆ ಖಾನೆಗೆ ದಾರವೇ ಬೇಕಾಗಲಿಲ್ಲ. ಕುಲಕರ್ಣಿಗೂ ಇಲ್ಲ. ಜೋಶಿ ಖಾನೆಯಲ್ಲಿ ಮುಂದೆ ಶಂ.ಬಾ. ಜೋಶಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಊರುಗಳ ಹೆಸರು ಅಗೆದು ಕನ್ನಡ ನಾಡು ಎಲ್ಲಿಯವರೆಗೆ ಹಬ್ಬಿತ್ತು ಅಂತ ಹುಡುಕಿದವರು. ಅವರ ಪಕ್ಕಕ್ಕೇ ರಾಜಸ್ಥಾನದ ಭೀಲವಾಡಾದ ಶ್ರೀಲಾಲ್ ಜೋಶಿ. ಅಲ್ಲಿ ಪಡ್ ಅನ್ನುವ ಉದ್ದನೆಯ ಬಟ್ಟೆಯ ಮೇಲೆ ಪಾಬೂಜಿ, ದೇವನಾರಾಯಣ ಅನ್ನುವ ಜನಪದ ದೇವರುಗಳ ಕಥೆಯನ್ನು ಚಿತ್ರವಾಗಿ ಬರೆಯುತ್ತಾರೆ. ಭೋಪಾ ಅನ್ನುವ ಹಾಡುವ ಪೂಜಾರಿಗಳು ಅದನ್ನು ಬಿಚ್ಚಿ ರಾತ್ರಿಯಿಡೀ ಹಾಡುತ್ತಾರೆ. ಈ ಚಿತ್ರ ಬರೆಯುವ ವಿದ್ಯೆ ಜೋಶಿ ಮನೆತನದ ಒಳಗೇ ಇತ್ತು. ಅದನ್ನು ಹೊರಗಿನವರಿಗೂ ಕಲಿಸಿದವರು ಶ್ರೀಲಾಲ್. ಆ ಮನೆತನದ ಒಳಗೆ ಬೇಕಾದಷ್ಟು ದಾರ ಕಟ್ಟಬಹುದು. ಆದರೆ ಭೀಲವಾಡಾಕ್ಕೂ ಗುರ್ಲಹೊಸೂರಿಗೂ ನಡುವೆ ಒಂದು ಎಳೆಯೂ ಇಲ್ಲ.

ಶಿರಾಜಿ ಖಾನೆ ಈ ಊರಿಗಾಗಿ ಇಟ್ಟಿದ್ದು. ಶಿರಾಜಿ ಅಂದರೆ ಇರಾನಿನ ಶಿರಾಜ್ ಊರಿನವನು. ನಮ್ಮಲ್ಲಿ ಹಳಕಟ್ಟಿ, ಆಲೂರ ಇದ್ದ ಹಾಗೆ ಊರಿಂದಲೇ ಹೆಸರು. ಆದಿಲಶಾಹಿಗಳ ಕಾಲದಲ್ಲಿ ಇದೇ ಬಿಜಾಪುರದಲ್ಲಿದ್ದ ರಫಿಉದ್ದೀನ್ ಶಿರಾಜಿ ಚರಿತ್ರೆ ಬರೆದ. ಅಬ್ದುಸ್ ಸಮದ್ ಶಿರಾಜಿ ಹುಮಾಯೂನನ ಜೊತೆ ಬಂದು, ಬಾಲಕ ಅಕ್ಬರನಿಗೆ ಚಿತ್ರ ಕಲಿಸಿದ. ಇಬ್ಬರ ನಡುವೆ ದಾರ ಇಲ್ಲ. ತಾಜ್‌ಮಹಲಿನ ಗೋಡೆಯ ಮೇಲಿನ ಅಕ್ಷರಗಳನ್ನು ಬರೆದ ಅಮಾನತ್ ಖಾನ್ ಶಿರಾಜಿಗೆ ಮಾತ್ರ ದಾರ ಬಂತು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಷಾಜಹಾನನ ವಜೀರ, ಪಂಡಿತ ಅಫ್ಜಲ್ ಖಾನ್ ಶಿರಾಜಿ. ಕಾರ್ಡ್ ನೋಡಿದ ಕೂಡಲೇ ಮಕ್ಕಳೆಲ್ಲ, "ನಮ್ಮ ಅಫ್ಜಲ್ ಖಾನ್!" ಅಂತ ಕೂಗಿದರು. ಅಲ್ಲ. ಇವನು ತೀರಿಕೊಂಡಿದ್ದು 1639ರಲ್ಲಿ. ಪ್ರತಾಪಗಡದಲ್ಲಿ ಸತ್ತ ಬಿಜಾಪುರದ ಅಫ್ಜಲ್ ಖಾನನದು 1659. ಖಾನ್ ಅನ್ನುವುದೂ ಒಂದು ಕುರ್ಚಿಯೇ.

ದಾರ ಉದ್ದಕ್ಕೆ ಓಡಿದ್ದು ಠಾಕೂರ್ ಖಾನೆಯಲ್ಲಿ. ಇಂಗ್ಲಿಷರ ಬಾಯಲ್ಲಿ ಅದು ಟಾಗೋರ್ ಆಯಿತು, ಅದಕ್ಕೊಂದು 'ನೋಡಿ' ಕಾರ್ಡ್. ರವೀಂದ್ರನಾಥರು ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಕೂತವರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು, ತರುಣ ರವೀಂದ್ರರು ಬಂದು ಆ ಸಮುದ್ರ ನೋಡಿಹೋದರು. ವರಸೆಯಲ್ಲಿ ಅಣ್ಣನ ಮಕ್ಕಳಾಗುವ ಗಗನೇಂದ್ರನಾಥ, ಅವನೀಂದ್ರನಾಥ ಇಬ್ಬರೂ ಚಿತ್ರಕಾರರು. 1905ರ 'ಭಾರತಮಾತೆ' ಅವನೀಂದ್ರರದು. ನಾಲ್ಕೂ ಕಾರ್ಡ್ ಒಂದೇ ದಾರದಲ್ಲಿ ಹಾರದ ಹಾಗೆ ನಿಂತವು.

ಆಗ ನನ್ನ ತಂಗಿಯ ಮಗಳು ಕೇಳಿದಳು, "ಮಾಮಾ, ಇಷ್ಟೂ ಖಾನೆಯಲ್ಲಿ ಒಬ್ಬ ಹುಡುಗಿಯೂ ಇಲ್ವಾ?"

ಇಲ್ಲ. ಯಾಕೆ ಅಂತ ಹುಡುಕಿದರೆ ನನ್ನ ಪೆಟ್ಟಿಗೆಯ ಕಟ್ಟುಪಾಡೇ ಹಾಗಿದೆ. ಗಗನೇಂದ್ರ, ಅವನೀಂದ್ರರ ತಂಗಿ ಸುನಯನಿ ದೇವಿ. ಯಾರೂ ಕಲಿಸದೆ, ಮನೆಗೆಲಸದ ನಡುವೆ, ಜಾನಪದದ ಸೊಗಡಿನ ಚಿತ್ರ ಬರೆದವರು. ಅಣ್ಣಂದಿರ ಮನೆಯಲ್ಲೇ ಹುಟ್ಟಿದವರು, ಆದರೆ ಠಾಕೂರ್ ಅನ್ನುವ ಚೀಟಿಯ ಕೆಳಗೆ ಸಿಗುವುದಿಲ್ಲ. ಬ್ರೂಗೆಲ್‌ಗೂ ಅದೇ ಕಥೆ. ಹಿರಿಯ ಪೀಟರ್ ಬ್ರೂಗೆಲ್ 1569ರಲ್ಲಿ ತೀರಿಕೊಂಡಾಗ ಮಕ್ಕಳು ಕೂಸುಗಳು. ಕಿರಿಯ ಮಗ ಯಾನ್‌ಗೆ ಮೊದಲು ಕುಂಚ ಹಿಡಿಸಿದವಳು ಅಜ್ಜಿ, ಅಂದರೆ ಪೀಟರನ ಹೆಂಡತಿಯ ತಾಯಿ, ಮೈಕೆನ್ ವೆರ್‌ಹಲ್ಸ್ಟ್ ಅಂತ ಹಳೆಯ ಚರಿತ್ರಕಾರ ವಾನ್ ಮಾಂಡರ್ ಬರೆದಿದ್ದಾನೆ. ಅವಳೂ ಚಿತ್ರಕಾರ್ತಿ. ಮೊಮ್ಮಗನ ಹೆಸರು ಬ್ರೂಗೆಲ್, ಕಲಿಸಿದ ಕೈಯ ಹೆಸರು ಬೇರೆ.

ಹಾಗಾಗಿ ಕಟ್ಟುಪಾಡು ಮುರಿದೆ. ಚೀಟಿಯ ಹೆಸರು ಏನೇ ಇರಲಿ, ದಾರ ಎಲ್ಲಿಗೆ ಎಳೆಯುತ್ತದೋ ಆ ಕಾರ್ಡ್ ಆ ಖಾನೆಗೇ. ಸುನಯನಿ ಠಾಕೂರ್ ಖಾನೆಗೆ ಬಂದರು. ಮೈಕೆನ್‌ಗೆ ಬ್ರೂಗೆಲ್ ಖಾನೆಯ ಮೊದಲ ಕಾರ್ಡ್. ಇದನ್ನು ಬರೆದಿದ್ದು ತಂಗಿಯ ಮಗಳೇ. ಅಕ್ಷರ ನನಗಿಂತ ಚೆನ್ನಾಗಿದೆ.

ಆಗಸ್ಟ್: ಪಾಲಿಶ್

ಚಪಡಾ ಅರಗು 100 ಗ್ರಾಂ, ಸ್ಪಿರಿಟ್ ಅರ್ಧ ಲೀಟರ್. ಗಾಜಿನ ಬಾಟಲಿಯಲ್ಲಿ ಹಾಕಿ, ಆಗಾಗ ಅಲ್ಲಾಡಿಸಿ, ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಮರವನ್ನು 120, ಆಮೇಲೆ 220ರ ಕಾಗದದಿಂದ ಉಜ್ಜಿದ್ದೆ. ಹತ್ತಿಯ ಉಂಡೆಗೆ ಹಳೇ ಧೋತರದ ತುಂಡು ಸುತ್ತಿ, ಒಂದೇ ದಿಕ್ಕಿಗೆ ಬಳಿದೆ. ಸಾಗವಾನಿಯ ಬಣ್ಣ ಎದ್ದು ಬಂತು. ಖುಷಿಯಲ್ಲಿ ಎರಡನೇ ಕೈ ಮಳೆ ಬರುತ್ತಿದ್ದ ಸಂಜೆಯೇ ಬಳಿದೆ. ಬೆಳಿಗ್ಗೆ ನೋಡಿದರೆ ಇಡೀ ಪೆಟ್ಟಿಗೆಗೆ ಬೂದಿ ಹಚ್ಚಿದ ಹಾಗೆ ಬೆಳ್ಳಗಾಗಿತ್ತು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬಿದ್ದ ಒಂದು ಮಧ್ಯಾಹ್ನ ಬರೀ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹಗುರವಾಗಿ ಒರೆಸಿದೆ. ಬಿಳುಪು ಹೋಯಿತು. ಒಟ್ಟು ಐದು ಕೈ ಆಯಿತು, ನಡುವೆ ಮಳೆ ನೋಡಿ ನೋಡಿ.

ಖಾನೆ ಓಡುವ ಪಟ್ಟಿಗಳಿಗೆ ಮೇಣದಬತ್ತಿ ಉಜ್ಜಿದೆ. ಎಣ್ಣೆ ಹಾಕಬೇಡಿ, ಧೂಳು ಹಿಡಿದು ಅಂಟಾಗುತ್ತದೆ.

ಸೆಪ್ಟೆಂಬರ್: ಏಳು ಮತ್ತು ಎಂಟು

ಹೊಸ ಖಾನೆ ಎರಡು ಮಾಡಬೇಕು. ಏಳನೆಯದನ್ನು ಮಿಸ್ತ್ರಿ ಮಾಡಿದರು, ನಾನು ನೋಡಿದೆ. ಡವ್‌ಟೇಲ್ ಕೊಯ್ಯುವಾಗ ಅವರು ಗೆರೆಯ ಮೇಲೆ ಕೊಯ್ಯುವುದಿಲ್ಲ, ಗೆರೆಯ ಪಕ್ಕ ಕೊಯ್ಯುತ್ತಾರೆ. ಗೆರೆ ಉಳಿಯಬೇಕು. ಅದಕ್ಕೆ ಬ್ರೂಗೆಲ್ ಚೀಟಿ ಹಾಕಿದೆ. ಹಿರಿಯ ಪೀಟರ್ 1559ರ ಸುಮಾರಿಗೆ ತನ್ನ ಹೆಸರಿನಿಂದ ಒಂದು ಅಕ್ಷರ ಕಿತ್ತುಹಾಕಿದ, ಮಕ್ಕಳು ಅದನ್ನು ಮತ್ತೆ ಸೇರಿಸಿಕೊಂಡರು. ಅಪ್ಪ ಮಕ್ಕಳ ಹೆಸರು ಹೀಗೆ ಬೇರೆ ಬೇರೆ ಆಯಿತು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನನಗೆ ಒಂದು 'ನೋಡಿ' ಕಾರ್ಡ್ ಉಳಿಯಿತು.

ಎಂಟನೆಯದನ್ನು ನಾನೇ ಮಾಡಿದೆ. ಮೂಲೆಗಳಲ್ಲಿ ಸಂದು ಬಿಟ್ಟಿದೆ, ಮರದ ಪುಡಿ ಮತ್ತು ಸರೇಸು ಕಲಸಿ ತುಂಬಿದ್ದೇನೆ. ಅದಕ್ಕೆ ಏನು ಹೆಸರು ಅಂತ ಮಕ್ಕಳಲ್ಲಿ ಚರ್ಚೆ ಆಯಿತು. ಒಬ್ಬಳು ಬಸವಣ್ಣನವರ ಕಾಲದ ಶರಣರನ್ನು ಹಾಕೋಣ ಅಂದಳು. ಬಾಗೇವಾಡಿ ಇಲ್ಲೇ ಅಲ್ವಾ, ನ್ಯಾಯವೇ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ. ನೋಡಿದರೆ ಅಲ್ಲಿ ಕಸುಬು ಹೆಸರಿನ ಮುಂದೆ ಬರುತ್ತದೆ, ಚೀನೀಯರ ಹಾಗೆ. ಆ ಕಸುಬನ್ನು ಅವರು ನಿಜವಾಗಿಯೂ ಮಾಡುತ್ತಿದ್ದರು. ನಮಗೆ ಅದು ಹಿಂದೆ ಬಂದು, ಬಾಲದ ಹಾಗೆ ನೇತಾಡುತ್ತಿದೆ. ಅಷ್ಟು ಶರಣರಿಗೆ ಒಂದು ಖಾನೆ ಸಾಲದು, ಅವರಿಗೆ ಬೇರೆ ಪೆಟ್ಟಿಗೆಯೇ ಬೇಕು ಅಂತ ಮುಂದೂಡಿದೆವು.

ಸದ್ಯ ಎಂಟನೇ ಖಾನೆಯಲ್ಲಿ ಉಳಿದ ಕಾರ್ಡ್, ಸಳಿಯ ತುಂಡುಗಳು, ಕೆಂಪು ದಾರದ ಉಂಡೆ, ಸರೇಸಿನ ಡಬ್ಬಿ ಇವೆ. ಹಿತ್ತಾಳೆ ಚೌಕಟ್ಟಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಬಡಿಗೇರ' ಅಂತ ಬರೆದು ಚೀಟಿ ತೂರಿಸಿದ್ದಾರೆ. ಖಾನೆ ಅರ್ಧ ಬಂದು ನಿಲ್ಲುತ್ತದೆ. ರಂಧಾ ಹೊಡೆಯಲು ಹೋದೆ. ಈಗ ಮರ ಮಳೆ ಕುಡಿದು ಉಬ್ಬಿದೆ, ಈಗ ಹೆರೆದರೆ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ, ಏಪ್ರಿಲ್‌ವರೆಗೆ ಮುಟ್ಟಬೇಡ ಅಂದರು ಮಿಸ್ತ್ರಿ. ಅಲ್ಲಿಯವರೆಗೆ ದಾರ ಬೇಕಾದವರು ಅರ್ಧ ತೆರೆದ ಖಾನೆಯೊಳಗೆ ಕೈ ತೂರಿಸಿ ಹುಡುಕುತ್ತಿದ್ದಾರೆ.